ದೊಡ್ಡಣ್ಣನಿಗೇ ಕೀಟಲೆ

ಸಬ್‌ಮರೀನಿನವರ ತುಂಟತನ ಅಂದ್ರೆ ನನಗೆ ಮೊದಲು ನೆನಪಾಗೋದು ಒಂದು ಟೀ ಶರ್ಟು. 1999ರ ಸಮರಾಭ್ಯಾಸದಲ್ಲಿ ಡಚ್ಚರ ಪುಟ್ಟ ‘ವಾಲ್ರಸ್’, ನ್ಯಾಟೋ ಬಳಗದ ದೊಡ್ಡಣ್ಣ ಅಮೆರಿಕದ ಕಾವಲಿನೊಳಗೆ ನುಸುಳಿ ‘ಥಿಯೋಡರ್ ರೂಸ್‌ವೆಲ್ಟ್’ ಎಂಬ ದೈತ್ಯ ವಿಮಾನವಾಹಕ ಹಡಗನ್ನೇ ‘ಮುಳುಗಿಸಿ’ಬಿಟ್ಟಿತು. ಲೆಕ್ಕದಲ್ಲಿ ಮಾತ್ರ ಅನ್ನಿ! ಐವತ್ತು ಚಿಲ್ಲರೆ ಮಂದಿಯ ಡೀಸೆಲ್ ಸಬ್‌ಮರೀನು. ಎದುರಿಗೆ ಐದು ಸಾವಿರ ಜನರ ತೇಲುವ ಊರು. ಡಚ್ಚರು ಸುಮ್ನಿರ್ತಾರಾ? ಆ ಬೇಟೆಯ ನೆನಪಿಗೆ ಟೀ ಶರ್ಟೇ ಮಾಡಿಸಿಕೊಂಡರು.

ಓದಿ ನಗು ಬಂತು, ಹಿಂದೆಯೇ ಸಣ್ಣ ನಡುಕವೂ. ಬ್ಯಾಟರಿ ಮೇಲೆ ಮೆಲ್ಲಗೆ ಸಾಗುವಾಗ ಇವುಗಳ ಸದ್ದು ಸೋನಾರಿಗೂ ಸಿಗೋದು ಕಷ್ಟ. ಗೆಳೆಯ ಬಂದರೆ ಟೀ ಶರ್ಟು, ವೈರಿ ಬಂದ್ರೆ?

ದೊಡ್ಡಣ್ಣನಿಗೂ ಅದೇ ಚಿಂತೆ. 2005ರಲ್ಲಿ ಸ್ವೀಡನ್ನಿನ ‘ಗಾಟ್‌ಲ್ಯಾಂಡ್’ ಸಬ್‌ಮರೀನನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ಕರೆಸಿ, ಸ್ಯಾನ್ ಡಿಯಾಗೋದಲ್ಲಿ ಇಟ್ಟುಕೊಂಡು, ನಮ್ಮನ್ನೇ ಬೇಟೆಯಾಡಿ ಅಂದರು. ಅದೂ ‘ರೊನಾಲ್ಡ್ ರೇಗನ್’ ಹಡಗನ್ನು ‘ಮುಳುಗಿಸಿ’ಯೇ ಬಿಟ್ಟಿತು!