ನ್ಯಾಯನಿಷ್ಠುರಿಯ ಕಣ್ಣೀರು



ಶರಣನ ಸ್ವಭಾವವನ್ನು ವರ್ಣಿಸುವ ಪ್ರಸಿದ್ಧ ವಚನವೊಂದರಲ್ಲಿ ಬಸವಣ್ಣನವರು ‘ನ್ಯಾಯನಿಷ್ಠುರಿ’ ಎಂಬ ಪದವನ್ನು ಪ್ರಯೋಗಿಸಿದ್ದಾರೆ. ಪದವೇನೋ ಭಕ್ತರೆಲ್ಲರಿಗೂ ಪರಿಚಿತವೇ. ಆದರೆ ದಿನಬಳಕೆಯಲ್ಲಿ ಅದರ ಅರ್ಥ ತುಸು ಓರೆಯಾಗಿದೆ. ‘ನೆಂಟರೊಂದಿಗೆ ಸುಮ್ಮನೆ ನಿಷ್ಠುರ ಕಟ್ಟಿಕೊಳ್ಳಬೇಡ’ ಎಂದು ಮನೆಯ ಹಿರಿಯರು ಕಿರಿಯರಿಗೆ ಬುದ್ಧಿ ಹೇಳುವುದುಂಟು. ಅಲ್ಲಿ ನಿಷ್ಠುರವೆಂದರೆ ಹಗೆ, ಮನಸ್ತಾಪ. ಇನ್ನು ಕೆಲವರು ಒರಟು ಮಾತನ್ನೇ ನಿಷ್ಠುರತೆಯೆಂದು ತಿಳಿದು, ಎದುರಿನವರನ್ನು ನೋಯಿಸಿ, ‘ತಾನು ನೇರ ನುಡಿಯವನು’ ಎಂದು ಹೆಮ್ಮೆಪಡುತ್ತಾರೆ. ಅಣ್ಣನವರ ಅಭಿಪ್ರಾಯ ಇವೆರಡೂ ಅಲ್ಲ. ಯಾರ ಮುಖವನ್ನೂ ನೋಡದೆ ನ್ಯಾಯದ ಮುಖವನ್ನು ಮಾತ್ರ ನೋಡುವುದು, ದಾಕ್ಷಿಣ್ಯಕ್ಕೂ ಭಯಕ್ಕೂ ಬಾಗದಿರುವುದು ಆ ವಚನದ ತಾತ್ಪರ್ಯ. ಹಾಗೆ ಬಾಗದಿರುವಾತನು ತನ್ನ ವಿಷಯದಲ್ಲಿ ಎಷ್ಟು ನಿಷ್ಠುರನಾಗಿರಬೇಕು ಎಂಬುದೇ ಇಲ್ಲಿನ ಕಠಿಣ ಪ್ರಶ್ನೆ.

ನ್ಯಾಯಾಲಯದ ನ್ಯಾಯಾಧೀಶರಿಗೆ ಸಾಕ್ಷಿಗಳಿರುತ್ತಾರೆ, ವಕೀಲರಿರುತ್ತಾರೆ, ಗ್ರಂಥಗಳಿರುತ್ತವೆ. ತೀರ್ಪನ್ನು ಕಾಯ್ದಿರಿಸುವ ಅವಕಾಶವೂ ಇರುತ್ತದೆ. ಇದಾವುದೂ ಇಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಸಾವಿರಾರು ಜನರ ಎದುರಿನಲ್ಲಿ ತೀರ್ಪು ಕೊಡುವ ಕಾಯಕವೊಂದಿದೆ. ಅದು ಆಟದ ಮೈದಾನದ ಅಂಪೈರ್‌ನ ಕಾಯಕ. ಕನ್ನಡಿಗರಿಗೆ ಕ್ರಿಕೆಟ್ಟಿನ ಅಂಪೈರ್ ಚಿರಪರಿಚಿತ. ಅಮೆರಿಕದವರ ಸಾಫ್ಟ್‌ಬಾಲ್ ಮತ್ತು ಅದರ ಅಣ್ಣನಂತಿರುವ ಬೇಸ್‌ಬಾಲ್ ಆಟಗಳಲ್ಲಿ ಅಂಪೈರ್‌ನ ಹೊಣೆ ಇನ್ನೂ ಸೂಕ್ಷ್ಮವಾದುದು.

ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಷಿಕಾಗೋ ನಗರದ ದೋಣಿ ಕ್ಲಬ್ಬೊಂದರ ಒಳಾಂಗಣದಲ್ಲಿ. ಬಾಕ್ಸಿಂಗ್ ಕೈಗವಸನ್ನು ಸುತ್ತಿ ಚೆಂಡು ಮಾಡಿ, ಪೊರಕೆಯ ಹಿಡಿಯನ್ನು ದಾಂಡಾಗಿಸಿ ಆಡಿದ ಹುಡುಗಾಟವದು. 1996ರಿಂದ 2008ರವರೆಗೆ ಮಹಿಳೆಯರ ಸಾಫ್ಟ್‌ಬಾಲ್ ಒಲಿಂಪಿಕ್ಸ್‌ನಲ್ಲಿತ್ತು. 2021ರಲ್ಲಿ ಜಪಾನಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಮಹಿಳೆಯರ ಆಟದಲ್ಲಿ ಚೆಂಡೆಸೆಯುವ ಪಿಚರ್ ನಿಲ್ಲುವುದು ಬ್ಯಾಟರ್‌ನಿಂದ ಕೇವಲ 43 ಅಡಿ ದೂರದಲ್ಲಿ. ಭುಜದ ಕೆಳಗಿನಿಂದ ತೋಳನ್ನು ಗಿರ್ರನೆ ತಿರುಗಿಸಿ ಎಸೆದ ಚೆಂಡು ಅರ್ಧ ಸೆಕೆಂಡಿಗೂ ಮೊದಲೇ ಬಂದು ತಲುಪುತ್ತದೆ. ಕ್ಯಾಚರ್‌ನ ಬೆನ್ನ ಹಿಂದೆ ಮುಖಕವಚ ತೊಟ್ಟು ಬಾಗಿ ನಿಂತ ಅಂಪೈರ್, ಆ ಚೆಂಡು 17 ಅಂಗುಲ ಅಗಲದ ಹೋಂ ಪ್ಲೇಟಿನ ಮೇಲೆ, ಬ್ಯಾಟರ್‌ನ ಕಂಕುಳಿಗೂ ಮೊಣಕಾಲಿಗೂ ನಡುವೆ ಹಾದುಹೋಯಿತೇ ಇಲ್ಲವೇ ಎಂದು ಹೇಳಬೇಕು. ಹಾದುಹೋದರೆ ಅದು ಸ್ಟ್ರೈಕ್. ಇಲ್ಲದಿದ್ದರೆ, ಬ್ಯಾಟರ್ ದಾಂಡು ಬೀಸದಿದ್ದಲ್ಲಿ, ಬಾಲ್.

ಗಮನಿಸಬೇಕಾದುದೇನೆಂದರೆ, ಈ ಚೌಕವನ್ನು ಗಾಳಿಯಲ್ಲಿ ಯಾರೂ ಗೆರೆ ಎಳೆದು ತೋರಿಸಿಲ್ಲ. ಆಟಗಾರ್ತಿ ಎತ್ತರವಿದ್ದರೆ ಅದು ಎತ್ತರ, ಗಿಡ್ಡವಿದ್ದರೆ ಗಿಡ್ಡ. ಅದಿರುವುದು ಅಂಪೈರ್‌ನ ಮನಸ್ಸಿನಲ್ಲಿ. ಮೊದಲ ಇನ್ನಿಂಗ್ಸ್‌ನಲ್ಲಿ ಸ್ಟ್ರೈಕ್ ಎಂದದ್ದನ್ನು ಏಳನೆಯ ಇನ್ನಿಂಗ್ಸ್‌ನಲ್ಲೂ ಸ್ಟ್ರೈಕ್ ಎನ್ನಬೇಕು; ಊರಿನ ತಂಡಕ್ಕೆ ಹಿಡಿದ ಅಳತೆಯನ್ನೇ ಪರಊರಿನ ತಂಡಕ್ಕೂ ಹಿಡಿಯಬೇಕು. ಕೊಳ್ಳುವಾಗ ಒಂದು ತೂಕದ ಬಟ್ಟು, ಮಾರುವಾಗ ಇನ್ನೊಂದು ತೂಕದ ಬಟ್ಟು ಇಡುವ ವ್ಯಾಪಾರಿಯನ್ನು ಶರಣರು ಒಪ್ಪಿದವರಲ್ಲ. ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಭಕ್ತರಿಗೆ ತಿಳಿದೇ ಇದೆ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹಿಂದಕ್ಕೆ ಕಳುಹಿದರು. ಮನೆಯಲ್ಲಿ ಬಡತನವಿತ್ತು, ಎದುರಿಗೆ ನಿಂತವರು ಕೈಹಿಡಿದ ಗಂಡ. ಆದರೂ ಅಳತೆ ಬದಲಾಗಲಿಲ್ಲ. ಅವರ ದನಿಯಲ್ಲಿ ಒರಟುತನವಿರಲಿಲ್ಲವೆಂಬುದನ್ನು ವಿಶೇಷವಾಗಿ ನೆನೆಯಬೇಕು.

ಓಟಗಾರನು ಬೇಸನ್ನು ಮುಟ್ಟುವುದೂ ಚೆಂಡು ಅಲ್ಲಿನ ಆಟಗಾರನ ಕೈಗವಸಿಗೆ ಬೀಳುವುದೂ ಬಹುತೇಕ ಒಂದೇ ಕ್ಷಣದಲ್ಲಿ ನಡೆಯುತ್ತವೆ. ಎರಡನ್ನೂ ಒಮ್ಮೆಗೇ ನೋಡುವುದು ಮನುಷ್ಯನ ಕಣ್ಣಿಗೆ ಸಾಧ್ಯವಿಲ್ಲ. ಆದ್ದರಿಂದ ಮೊದಲ ಬೇಸಿನ ಬಳಿ ನಿಂತ ಅಂಪೈರ್ ಕಣ್ಣನ್ನು ಓಟಗಾರನ ಪಾದದ ಮೇಲಿಟ್ಟು, ಕೈಗವಸಿಗೆ ಚೆಂಡು ಬಡಿದ ಸದ್ದನ್ನು ಕಿವಿಯಿಂದ ಕೇಳುತ್ತಾನೆ. ಪಾದ ಮೊದಲೋ ಸದ್ದು ಮೊದಲೋ ಎಂಬುದೇ ತೀರ್ಪು. ಅದೂ ಅವಸರದ ತೀರ್ಪಲ್ಲ. ಆಟ ಮುಗಿಯುವವರೆಗೆ ಕಾದು, ಚೆಂಡು ಕೈಜಾರಲಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಕೈಯೆತ್ತಬೇಕೆಂದು ಅವನಿಗೆ ಕಲಿಸಲಾಗುತ್ತದೆ. ಕಣ್ಣು, ಕಿವಿ, ಪಾದ, ನಾಲಗೆ ಒಂದೇ ಅರಿವಿಗೆ ಅಧೀನವಾಗಿರುವ ಇಂಥ ಕ್ಷಣವನ್ನು ಲಿಂಗಪೂಜೆಯಲ್ಲಿ ಕುಳಿತವರು ಬೇರೊಂದು ಬಗೆಯಲ್ಲಿ ಬಲ್ಲರು. ನಿಯಮಪುಸ್ತಕದ ಪಾಂಡಿತ್ಯ, ಗಟ್ಟಿ ದನಿ, ಚುರುಕು ನಡಿಗೆ ಇವೆಲ್ಲ ಬೇಕು, ನಿಜ. ಅವು ಅಭ್ಯಾಸದಿಂದ ಬರುವಂಥವು.

ನಿಯಮ ಬಲ್ಲವನಿಗೆ ದಯೆ ಇರಬಾರದೇ? 2008ರ ಏಪ್ರಿಲ್ 26ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್ ಎಂಬ ಊರಿನಲ್ಲಿ ನಡೆದ ಕಾಲೇಜು ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಪಂದ್ಯದಲ್ಲಿ ಈ ಪ್ರಶ್ನೆ ಎದುರಾಯಿತು. ವೆಸ್ಟರ್ನ್ ಆರೆಗಾನ್ ತಂಡದ ಸಾರಾ ಟಕೋಲ್ಸ್ಕಿ ಎಂಬ ವಿದ್ಯಾರ್ಥಿನಿ ತನ್ನ ಕ್ರೀಡಾಜೀವನದಲ್ಲಿ ಮೊದಲ ಬಾರಿಗೆ ಚೆಂಡನ್ನು ಬೇಲಿಯಾಚೆಗೆ ಹೊಡೆದಳು. ಸಂಭ್ರಮದಲ್ಲಿ ಮೊದಲ ಬೇಸನ್ನು ಮುಟ್ಟದೆ ಮುಂದೆ ಓಡಿ, ನೆನಪಾಗಿ ಹಿಂದಿರುಗುವಾಗ ಮೊಣಕಾಲಿನ ಕಟ್ಟು ಹರಿದು ಕುಸಿದುಬಿದ್ದಳು. ತೆವಳಿಕೊಂಡು ಮೊದಲ ಬೇಸನ್ನು ತಬ್ಬಿದಳು. ಉಳಿದ ಬೇಸುಗಳನ್ನು ಮುಟ್ಟಿ ಬಾರದೆ ಆ ಹೊಡೆತ ಲೆಕ್ಕಕ್ಕಿಲ್ಲ. ಆಕೆಯ ತಂಡದವರು ಮುಟ್ಟಿ ಸಹಾಯ ಮಾಡಿದರೆ ಆಕೆ ಔಟ್ ಎಂದು ಅಂಪೈರ್ ತಿಳಿಸಿದರು. ಬದಲಿ ಓಟಗಾರ್ತಿಯನ್ನು ಕಳುಹಿಸಬಹುದು, ಆದರೆ ಆಗ ಅದು ಹೋಂ ರನ್ ಎನಿಸುವುದಿಲ್ಲ ಎಂದರು. ಆಗ ಎದುರಾಳಿ ಸೆಂಟ್ರಲ್ ವಾಷಿಂಗ್ಟನ್ ತಂಡದ ಮ್ಯಾಲರಿ ಹೋಲ್ಟ್‌ಮನ್ ಮುಂದೆ ಬಂದು, ‘ನಾವು ಎತ್ತಿಕೊಂಡು ಹೋಗಬಹುದೇ?’ ಎಂದು ಕೇಳಿದಳು. ಅದನ್ನು ನಿಷೇಧಿಸುವ ನಿಯಮವಿರಲಿಲ್ಲ. ಹೋಲ್ಟ್‌ಮನ್ ಮತ್ತು ಲಿಜ್ ವಾಲೇಸ್ ಇಬ್ಬರೂ ಆಕೆಯನ್ನು ಕೈಗಳ ಮೇಲೆ ಎತ್ತಿಕೊಂಡು, ಒಂದೊಂದು ಬೇಸಿನಲ್ಲೂ ಆಕೆಯ ಎಡಪಾದವನ್ನು ಮೆಲ್ಲನೆ ತಾಗಿಸುತ್ತ, ಹೋಂ ಪ್ಲೇಟಿಗೆ ತಂದು ತಲುಪಿಸಿದರು. ಆ ಪಂದ್ಯದಲ್ಲಿ ಎತ್ತಿಕೊಂಡವರ ತಂಡ 4-2ರಿಂದ ಸೋತಿತು.

ಇದರಲ್ಲಿ ಇನ್ನೊಂದು ಸಂಗತಿಯುಂಟು. ಗಾಯಗೊಂಡ ಆಟಗಾರ್ತಿಯ ಹೋಂ ರನ್ನನ್ನು ಬದಲಿ ಓಟಗಾರ್ತಿ ಪೂರ್ಣಗೊಳಿಸಲು ನಿಯಮದಲ್ಲಿಯೇ ಅವಕಾಶವಿತ್ತೆಂದು ಆಮೇಲೆ ತಿಳಿದುಬಂದಿತು. ಅಂದರೆ ಅಂಪೈರ್ ಹೇಳಿದ ನಿಯಮ ತಪ್ಪಾಗಿತ್ತು. ಆ ಹುಡುಗಿಯರ ದಯೆಗೆ ಇದರಿಂದ ಕುಂದೇನೂ ಇಲ್ಲ. ಆದರೆ ತೀರ್ಪು ಕೊಡುವವನ ಅರಿವು ಅರೆಯಾದರೆ ಅದರ ಭಾರವನ್ನು ಬೇರೆಯವರ ತೋಳುಗಳು ಹೊರಬೇಕಾಗುತ್ತದೆ ಎಂಬುದು ಇಲ್ಲಿ ಅಕ್ಷರಶಃ ನಡೆದುಹೋಯಿತು. ದಯೆಯನ್ನು ಧರ್ಮದ ಬೇರೆಂದು ಕಂಡ ಬಸವಣ್ಣನವರು ಅರಿವನ್ನೂ ಆಚಾರವನ್ನೂ ಅದರಿಂದ ಬೇರ್ಪಡಿಸಲಿಲ್ಲ.

ಕನ್ನಡ ನಾಡಿಗೂ ಇಂಥ ನೆನಪೊಂದಿದೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯದಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಎಂದು ಅಂಪೈರ್ ತೀರ್ಪಿತ್ತರು. ಚೆಂಡು ದಾಂಡಿಗೆ ತಾಗಿಲ್ಲವೆಂದು ಮನಗಂಡ ಭಾರತದ ನಾಯಕ, ಭದ್ರಾವತಿಯ ಜಿ. ಆರ್. ವಿಶ್ವನಾಥ್, ಮನವಿಯನ್ನು ಹಿಂದಕ್ಕೆ ಪಡೆದು ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ಓಟಗಳ ಜೊತೆಯಾಟವಾಡಿದರು; ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ’ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆದರೂ ಆ ಪಂದ್ಯದ ಅಂಕಿಸಂಖ್ಯೆ ಮರೆತವರು ಸಹ ವಿಶ್ವನಾಥರ ಆ ನಡೆಯನ್ನು ಮರೆತಿಲ್ಲ.

ಅಂಪೈರ್ ತಾನೇ ತಪ್ಪಿದಾಗ ಏನು ಮಾಡಬೇಕು ಎಂಬುದಕ್ಕೆ 2010ರ ಜೂನ್ 2ರಂದು ಡೆಟ್ರಾಯಿಟ್ ನಗರದಲ್ಲಿ ನಡೆದ ಬೇಸ್‌ಬಾಲ್ ಪಂದ್ಯಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು. ಡೆಟ್ರಾಯಿಟ್ ಟೈಗರ್ಸ್ ತಂಡದ ಅರ್ಮಾಂಡೊ ಗಲರಾಗ ಎಂಬ ತರುಣ ಪಿಚರ್ ಎದುರಾಳಿಯ 26 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಲು ಬಿಟ್ಟಿರಲಿಲ್ಲ. ಇಪ್ಪತ್ತೇಳನೆಯವನೂ ಔಟಾದರೆ ಅದು ‘ಪರಿಪೂರ್ಣ ಪಂದ್ಯ’. ಒಂದು ಶತಮಾನಕ್ಕೂ ಮೀರಿದ ಆ ಲೀಗಿನ ಇತಿಹಾಸದಲ್ಲಿ ಆ ದಿನದವರೆಗೆ ಕೇವಲ 20 ಬಾರಿ ಕಂಡ ಸಾಧನೆಯದು. ಇಪ್ಪತ್ತೇಳನೆಯವನು ಹೊಡೆದ ಚೆಂಡನ್ನು ಹಿಡಿದು ಮೊದಲ ಬೇಸಿಗೆ ಎಸೆದರು. ಗಲರಾಗನೇ ಓಡಿಬಂದು ಹಿಡಿದ. ಎರಡು ದಶಕಗಳಿಗೂ ಹೆಚ್ಚಿನ ಅನುಭವವಿದ್ದ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ‘ಸೇಫ್’ ಎಂದುಬಿಟ್ಟರು. ಓಟಗಾರ ಸ್ಪಷ್ಟವಾಗಿ ಔಟಾಗಿದ್ದನೆಂಬುದನ್ನು ದೂರದರ್ಶನದ ಚಿತ್ರ ತೋರಿಸಿತು. ಕ್ರೀಡಾಂಗಣವೆಲ್ಲ ಭುಗಿಲೆದ್ದಿತು. ಗಲರಾಗ ಮಾತ್ರ ಒಂದು ನಸುನಗೆ ನಕ್ಕು, ತನ್ನ ಜಾಗಕ್ಕೆ ಮರಳಿ, ಮುಂದಿನವನನ್ನು ಔಟ್ ಮಾಡಿ ಪಂದ್ಯ ಮುಗಿಸಿದ.

ಪಂದ್ಯದ ಬಳಿಕ ಚಿತ್ರವನ್ನು ನೋಡಿದ ಜಾಯ್ಸ್ ಕ್ಯಾಮೆರಾದ ಕೋನವನ್ನು ದೂರಲಿಲ್ಲ, ಜನರ ಗದ್ದಲವನ್ನು ದೂರಲಿಲ್ಲ. ತಾನು ಆ ಹುಡುಗನ ಪರಿಪೂರ್ಣ ಪಂದ್ಯವನ್ನು ಕಳೆದೆನೆಂದು ಪತ್ರಕರ್ತರ ಮುಂದೆಯೇ ಒಪ್ಪಿಕೊಂಡರು. ಗಲರಾಗನನ್ನು ಕಂಡು ಕಣ್ಣೀರಿಡುತ್ತ ಕ್ಷಮೆ ಕೇಳಿದರು. ಆತ ಅವರನ್ನು ಅಪ್ಪಿಕೊಂಡ. ಮರುದಿನದ ಪಂದ್ಯದಿಂದ ದೂರ ಉಳಿಯಲು ಅವಕಾಶವಿದ್ದರೂ ಜಾಯ್ಸ್ ಹಿಂದೆ ಸರಿಯಲಿಲ್ಲ. ಅಂದು ಹೋಂ ಪ್ಲೇಟಿನ ಹಿಂದೆ ನಿಲ್ಲುವ ಸರದಿ ಅವರದೇ ಆಗಿತ್ತು. ಪಂದ್ಯಕ್ಕೆ ಮುನ್ನ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಲು ಡೆಟ್ರಾಯಿಟ್ ತಂಡ ಗಲರಾಗನನ್ನೇ ಕಳುಹಿಸಿತು. ಜಾಯ್ಸ್ ಕಣ್ಣೊರೆಸಿಕೊಂಡು ಪಟ್ಟಿಯನ್ನು ಪಡೆದರು, ಆತನ ಭುಜ ತಟ್ಟಿದರು, ಪಂದ್ಯ ನಡೆಸಿದರು.

ಲೋಕವನ್ನು ತಿದ್ದಹೊರಡುವವರಿಗೆ ಮೊದಲು ತಮ್ಮ ತನುಮನಗಳನ್ನು ತಿದ್ದಿಕೊಳ್ಳಲು ಅಣ್ಣನವರು ಹೇಳಿದ ಇನ್ನೊಂದು ವಚನವನ್ನು ‘ನ್ಯಾಯನಿಷ್ಠುರಿ’ಯ ವಚನದ ಜೊತೆಯಲ್ಲಿಟ್ಟು ಓದಬೇಕಾದುದು ಇಲ್ಲಿಯೇ. ಆಸ್ತಿ ಪಾಲಿನಲ್ಲಿ ಅಣ್ಣತಮ್ಮಂದಿರ ನಡುವೆ ಕುಳಿತ ಹಿರಿಯರು, ಅತ್ತೆಸೊಸೆಯರ ಜಗಳದಲ್ಲಿ ಮಾತಾಡಬೇಕಾದ ಮನೆಯ ಯಜಮಾನ, ಊರಿನ ಕಟ್ಟೆಯ ಮೇಲೆ ಪಂಚಾಯಿತಿ ನಡೆಸುವ ಮುಖಂಡ, ಇವರೆಲ್ಲ ಒಂದಲ್ಲ ಒಂದು ದಿನ ತಪ್ಪು ತೀರ್ಪು ಕೊಟ್ಟವರೇ. ಕೊಟ್ಟ ಮೇಲೆ ಅದು ತಪ್ಪೆಂದು ತಿಳಿದೂ ‘ಆಡಿದ ಮಾತು ಆಡಿಯಾಯಿತು’ ಎಂದು ಗಟ್ಟಿಯಾಗಿ ಕುಳಿತುಬಿಡುವುದುಂಟು. ಗೌರವಕ್ಕೆ ಕುಂದು ಬಂದೀತೆಂಬ ಅಳುಕು. ಆ ಅಳುಕೂ ಒಂದು ದಾಕ್ಷಿಣ್ಯವೇ. ತನಗೆ ತಾನು ತೋರಿಸಿಕೊಳ್ಳುವ ದಾಕ್ಷಿಣ್ಯ. ಅದೇ ತಿಂಗಳು ವೃತ್ತಿಪರ ಆಟಗಾರರನ್ನು ಗುಟ್ಟಾಗಿ ಕೇಳಿ ನಡೆಸಿದ ಸಮೀಕ್ಷೆಯೊಂದರಲ್ಲಿ ಅತ್ಯುತ್ತಮ ಅಂಪೈರ್ ಎಂದು ಹೆಚ್ಚಿನವರು ಹೆಸರಿಸಿದ್ದು ಜಿಮ್ ಜಾಯ್ಸ್ ಅವರನ್ನು.

ತೀರ್ಪನ್ನು ಬದಲಿಸಬೇಕೆಂಬ ಕೂಗು ಎದ್ದಿತಾದರೂ ಲೀಗಿನ ಆಯುಕ್ತರು ಬದಲಿಸಲಿಲ್ಲ. ಸರಿಯೇ ತಪ್ಪೇ ಎಂಬ ವಾದ ಇನ್ನೂ ಮುಗಿದಿಲ್ಲ. ಗಲರಾಗನಿಗೆ ಅನ್ಯಾಯವಾಯಿತೆಂಬುದರಲ್ಲಿ ಸಂಶಯವಿಲ್ಲ. ಕ್ಷಮೆಯಿಂದ ಅನ್ಯಾಯ ಅಳಿಸಿಹೋಗುವುದಿಲ್ಲ. 2014ರಿಂದ ಇಂಥ ತೀರ್ಪುಗಳನ್ನು ಚಿತ್ರ ನೋಡಿ ಮರುಪರಿಶೀಲಿಸುವ ವ್ಯವಸ್ಥೆ ಆ ಲೀಗಿನಲ್ಲಿ ಬಂದಿದೆ. 2011ರಲ್ಲಿ ಗಲರಾಗ ಮತ್ತು ಜಾಯ್ಸ್ ಇಬ್ಬರೂ ಸೇರಿ ಆ ದಿನದ ಕುರಿತು ಪುಸ್ತಕ ಹೊರತಂದರು. 2016ರ ಋತುವಿನ ಬಳಿಕ ಜಾಯ್ಸ್ ನಿವೃತ್ತರಾದರು. ದಾಖಲೆಯಲ್ಲಿ ಆ ಪಂದ್ಯದ ಎದುರು ಒಂದು ಹಿಟ್ ಎಂದೇ ಇದೆ.