ಶನಿವಾರ ನಿಲ್ಲುತ್ತಿದ್ದ ಗಾಣ

ಪುಣೆಯ ಕ್ಯಾಂಪಿನಲ್ಲಿ ಕೆಂಪು ಇಟ್ಟಿಗೆಯ, ಎತ್ತರದ ಗಡಿಯಾರ ಗೋಪುರದ ಕಟ್ಟಡವೊಂದಿದೆ. ಊರಿನವರ ಬಾಯಲ್ಲಿ ಅದು ‘ಲಾಲ್ ದೇವಳ್’. ಹೊಸದಾಗಿ ಬಂದವರು ಚರ್ಚ್ ಅಂದುಕೊಳ್ಳುತ್ತಾರೆ. ಅದು ಯಹೂದಿಗಳ ಪ್ರಾರ್ಥನಾ ಮಂದಿರ, ಓಹೆಲ್ ಡೇವಿಡ್ ಸಿನಗಾಗ್. ಬಾಗ್ದಾದ್ ಮೂಲದ ವ್ಯಾಪಾರಿ ಡೇವಿಡ್ ಸಾಸೂನ್ 1863ರಲ್ಲಿ ಕಟ್ಟಲು ಶುರುಮಾಡಿಸಿದ. 1867ರಲ್ಲಿ ಕೆಲಸ ಮುಗಿಯುವಾಗ ಅವನಿರಲಿಲ್ಲ. ಅವನ ಸಮಾಧಿ ಅದೇ ಆವರಣದಲ್ಲಿದೆ.

ನನ್ನ ಕುತೂಹಲ ಸಾಸೂನನಂಥ ಸಿರಿವಂತರ ಮೇಲಲ್ಲ. ಅವರಿಗಿಂತ ಎಷ್ಟೋ ಮೊದಲು ಬಂದು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ಆಡಿಸಿಕೊಂಡಿದ್ದ ಬೆನೆ ಇಸ್ರಾಯೇಲರ ಮೇಲೆ. ಅಲಿಬಾಗಿನ ಬಳಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು ಅನ್ನುವುದು ಅವರು ಹೇಳಿಕೊಳ್ಳುವ ಕಥೆ. ಪುಸ್ತಕಗಳೆಲ್ಲ ನೀರುಪಾಲು. ಮುಂದೆ ಹೀಬ್ರೂ ಮರೆತುಹೋಯಿತು, ಮರಾಠಿ ಮನೆಮಾತಾಯಿತು, ಪೆಣ್‌ನವರು ಪೆಣ್‌ಕರ್, ರೋಹೆಯವರು ರೋಹೇಕರ್ ಆದರು. ಉಳಿದದ್ದು ಗಂಡುಮಕ್ಕಳ ಸುನ್ನತಿ, ಊಟದ ಕೆಲವು ಕಟ್ಟುಪಾಡು, ‘ಶೆಮಾ’ ಎಂಬ ಪ್ರಾರ್ಥನೆಯ ಹೀಬ್ರೂ ಸೊಲ್ಲು. ಮತ್ತೆ ಶನಿವಾರ. ಆ ದಿನ ಗಾಣ ನಿಲ್ಲುತ್ತಿತ್ತು. ಅದಕ್ಕೇ ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು.

ಇದನ್ನು ಅವರ ನಿಷ್ಠೆ ಎಂದು ಹೊಗಳುವುದು ಸುಲಭ. ಬೈಬಲಿನ ಪ್ರವಾದಿಗಳು ಒಪ್ಪುತ್ತಿರಲಿಲ್ಲ. ಅಹಾಬ ರಾಜನ ಕಾಲದಲ್ಲಿ ದೇಶವೇ ಬಾಳ್ ದೇವತೆಯ ಕಡೆ ವಾಲಿದಾಗ, ಜೀವಭಯದಿಂದ ಓಡಿದ ಎಲೀಯ ನಾನೊಬ್ಬನೇ ಉಳಿದೆ ಎಂದು ದೂರಿದ. (ಪ್ರತಿ ರಿಲೀಸಿನಲ್ಲೂ ನನ್ನ ತಂಡದಲ್ಲಿ ಒಬ್ಬರಾದರೂ ಹೀಗನ್ನುತ್ತಾರೆ.) ದೇವರು ಮೊದಲು ಅವನಿಗೆ ನಿದ್ದೆ, ರೊಟ್ಟಿ, ನೀರು ಕೊಟ್ಟ. ಆಮೇಲೆ, ಬಾಳನಿಗೆ ಮಂಡಿಯೂರದ ಏಳು ಸಾವಿರ ಜನರ ವಿಷಯ ತಿಳಿಸಿದ. ಅಲ್ಲಿ ದೇವರು ಆಡುವುದು ‘ಉಳಿದಿದ್ದಾರೆ’ ಎಂಬರ್ಥದ ಮಾತಲ್ಲ, ‘ಉಳಿಸುತ್ತೇನೆ’ ಎಂಬರ್ಥದ್ದು. ಉಳಿಸುವವನು ಬೇರೆ. ಆ ಏಳು ಸಾವಿರದಲ್ಲಿ ಒಬ್ಬರ ಹೆಸರೂ ಪುಸ್ತಕದಲ್ಲಿಲ್ಲ.

ಆಫೀಸಿನ ಕರಾರುಗಳಲ್ಲಿ ಒಂದು ಕಡೆಯವರು ತಪ್ಪಿದರೆ ಇನ್ನೊಂದು ಕಡೆಯವರು ಕೈತೊಳೆದುಕೊಳ್ಳಲು ಒಂದು ಕಲಮು ಇದ್ದೇ ಇರುತ್ತದೆ. ಹೋಶೇಯನ ಪುಸ್ತಕದಲ್ಲಿ ದೇವರು ಆ ಕಲಮಿನ ತನಕ ಹೋಗುತ್ತಾನೆ. ಪ್ರವಾದಿಯ ಮಗಳಿಗೆ ‘ಲೋ ರುಹಾಮ’ ಎಂದು ಹೆಸರಿಡಿಸುತ್ತಾನೆ, ಕರುಣೆ ಸಿಗದವಳು. ಮಗನಿಗೆ ‘ಲೋ ಅಮ್ಮಿ’, ನನ್ನ ಜನವಲ್ಲ. ಆಮೇಲೆ ಎರಡೂ ಹೆಸರಿನ ‘ಅಲ್ಲ’ವನ್ನು ತಾನೇ ತೆಗೆದುಹಾಕುತ್ತಾನೆ. ಹಾಗೆಂದು ಶಿಕ್ಷೆ ತಪ್ಪಲಿಲ್ಲ. ಕ್ರಿ.ಪೂ. 722ರ ಹೊತ್ತಿಗೆ ಸಮಾರ್ಯ ಬಿತ್ತು, 586ರಲ್ಲಿ ಯೆರೂಸಲೇಮ್. ದೇವರ ನಂಬಿಗಸ್ತಿಕೆ ಎಂದರೆ ಕೆಟ್ಟದ್ದಾಗದಂತೆ ಕಾಯುವುದು ಎಂದುಕೊಂಡು ಈ ಪುಸ್ತಕ ಓದಿದರೆ ನಿರಾಸೆಯೇ. ಕೆಟ್ಟದ್ದಾದ ಮೇಲೂ ಸಂಬಂಧ ಹರಿದುಕೊಳ್ಳದಿರುವುದು ಎಂದುಕೊಂಡರೆ ಮಾತ್ರ ಓದಲಾಗುತ್ತದೆ.

ಆ ‘ರುಹಾಮ’ದ ಧಾತುವೇ ನಮಗೆ ಗೊತ್ತಿರುವ ‘ರಹಮ್’. ಅದು ನಮ್ಮ ಸೀಮೆಗೂ ಬಂದಿತ್ತು. ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದ ಬೆನೆ ಇಸ್ರಾಯೇಲಿ. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ನೀವು ಯಾರು ಎಂದು ಕೇಳಿದಾಗ ಬೆನೆ ಇಸ್ರಾಯೇಲ್ ಎಂದನಂತೆ. ಕುರಾನಿನಲ್ಲಿ ಆ ಹೆಸರು ಓದಿದ್ದ ಟಿಪ್ಪುವಿನ ತಾಯಿ, ಇವರನ್ನು ಕೊಲ್ಲಬೇಡ ಎಂದಳಂತೆ. ಇದು ಆ ಸಮುದಾಯ ಹೇಳಿಕೊಂಡು ಬಂದ ಕಥೆ. ಬದುಕಿ ಬಂದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದ್ದು ಇತಿಹಾಸ. ಅದರ ಹೆಸರು ‘ಶಾರ್ ಹಾರಹಮೀಮ್’, ಕರುಣೆಯ ಬಾಗಿಲು.

ಮುಂದಿನ ಶತಮಾನದಲ್ಲಿ, ಮತಾಂತರದ ಆಸೆಯಿಂದ ಬಂದ ಮಿಷನರಿಗಳು ಇವರಿಗೆ ಮರಾಠಿ ಬೈಬಲನ್ನೂ ಹೀಬ್ರೂ ವ್ಯಾಕರಣವನ್ನೂ ಕೊಟ್ಟರು. ಇವರು ಅದನ್ನೇ ಓದಿಕೊಂಡು ತಮ್ಮ ಧರ್ಮಕ್ಕೇ ಇನ್ನಷ್ಟು ಹತ್ತಿರವಾದರು. ಮಿಷನರಿಗಳ ಮುಖ ಹೇಗಾಗಿರಬೇಡ!

1948ರ ನಂತರ ಬಹುತೇಕರು ಇಸ್ರೇಲಿಗೆ ವಲಸೆ ಹೋದರು. ಅಲ್ಲಿ 1962ರಲ್ಲಿ ಧರ್ಮಗುರುಗಳ ಸಂಸ್ಥೆ, ಇವರೊಡನೆ ಮದುವೆ ಆಗುವುದಾದರೆ ವಂಶದ ವಿಚಾರಣೆ ನಡೆಸಬೇಕೆಂದು ಸೂಚಿಸಿತು. ‘ಲೋ ಅಮ್ಮಿ’, ಈ ಸಲ ಮನುಷ್ಯರ ಬಾಯಲ್ಲಿ. ಬೆನೆ ಇಸ್ರಾಯೇಲರು ಯೆರೂಸಲೇಮಿನಲ್ಲಿ ಧರಣಿ ಕೂತರು. 1964ರಲ್ಲಿ ಆ ಸೂಚನೆ ಹಿಂದಕ್ಕೆ ಹೋಯಿತು.

ಅವರು ಎಲ್ಲಕ್ಕಿಂತ ಹೆಚ್ಚು ಹಚ್ಚಿಕೊಂಡಿರುವ ಪ್ರವಾದಿ, ನಾನೊಬ್ಬನೇ ಉಳಿದೆ ಎಂದ ಅದೇ ಎಲೀಯ. ಅಲಿಬಾಗಿನ ಹತ್ತಿರ ಖಂಡಾಳೆ ಎಂಬ ಹಳ್ಳಿಯಿದೆ (ನಾವು ವೀಕೆಂಡಿಗೆ ಹೋಗುವ ಖಂಡಾಲಾ ಅಲ್ಲ). ಅಲ್ಲಿನ ಬಂಡೆಯ ಮೇಲೆ ಅವನ ರಥದ ಗುರುತಿದೆ ಎಂದು ನಂಬುತ್ತಾರೆ. ಹರಕೆ ತೀರಿದಾಗ, ಹೊಸ ಮನೆ ಹೊಕ್ಕಾಗ ಅವನ ಹೆಸರಿನಲ್ಲಿ ‘ಮಲೀದಾ’ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಸುತ್ತ ಹಣ್ಣು. ಇಸ್ರೇಲಿಗೆ ಹೋದವರೂ ಇದನ್ನು ಬಿಟ್ಟಿಲ್ಲ.