ಊರು–ಬೆಂಗಳೂರು, ಭಾಗ 6: 9.9 ಅಥವಾ 25?

ಮೊದಲನೇ ಫೋಟೋ ನೋಡಿ. ಮರವಂತೆ ಕಡಲ ತೀರ, ಬೆಳಗಿನ ಜಾವ. ಅಪ್ಪಯ್ಯ ಮುಂದೆ, ಅಣ್ಣ ಹಿಂದೆ, ಇಬ್ಬರ ಹೆಗಲ ಮೇಲೆ ಒಂದು ಬಿದಿರಿನ ಗಳ. ಗಳದಲ್ಲಿ ನೇತಾಡ್ತಿರೋದು ನಮ್ಮ ನಾಡದೋಣಿಯ ಇಂಜಿನ್.

ಈ ಇಂಜಿನ್ ತಗೊಳ್ಳೋ ಮೊದಲು ನಮ್ಮನೇಲಿ ಎರಡು ವಾರ ಜಗಳ ನಡೀತು. ಇವತ್ತು ಅದರ ಕಥೆ.

ಮೇ ತಿಂಗಳು. ಪಟ್ಟಂದೂರು ಅಗ್ರಹಾರ ಮೆಟ್ರೋ ಸ್ಟೇಷನ್‌ನಲ್ಲಿ ನಿಂತಿದ್ದೆ, ಅಣ್ಣನ ಫೋನ್. "ಹಳೇ ಇಂಜಿನ್ ಹೋಯ್ತ್. ಹೊಸ್ದ್ ತಕಣ್ಕ್. 9.9 ಎಚ್‌ಪಿಯಾ, 25ಆ? ನೀ ಇಂಜಿನಿಯರಿಂಗ್ ಓದೂದಲ್ದಾ, ಹೇಳ್."

ನಾನು ಒಂದು ಸೆಕೆಂಡ್ ಕೂಡ ಯೋಚಿಸದೆ "25" ಅಂದೆ. ರೂಮ್‌ಮೇಟ್ಸ್ ಕೂಡ ಅದನ್ನೇ ಹೇಳಿದ್ರು. ಪವರ್ ಜಾಸ್ತಿ ಇದ್ರೆ ಒಳ್ಳೇದಲ್ವಾ?

ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ದೋಣಿ ಥರದವಕ್ಕೆ ಒಂದು ವೇಗದ ಮಿತಿ ಇದೆ. ನೀರಿಗೆ ತಾಗೋ ಉದ್ದ 25 ಅಡಿ ಅಂದ್ಕೊಳ್ಳಿ, ಮಿತಿ ಸುಮಾರು 6.7 ನಾಟ್, ಅಂದ್ರೆ ಗಂಟೆಗೆ 12 ಕಿಲೋಮೀಟರ್ ಆಸುಪಾಸು. ಅದನ್ನ ದಾಟೋಕೆ ಹೋದ್ರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನ ತಾನೇ ಹತ್ತಬೇಕು. ಪವರ್ ಎರಡೂವರೆ ಪಟ್ಟು ಆದ್ರೂ ವೇಗ ಅಷ್ಟು ಪಟ್ಟು ಆಗಲ್ಲ. ಎಣ್ಣೆ ಮಾತ್ರ ಆಗುತ್ತೆ. ಫುಲ್ ಥ್ರಾಟಲ್‌ನಲ್ಲಿ 10 ಎಚ್‌ಪಿಗೆ ಗಂಟೆಗೆ ಅಂದಾಜು 4 ಲೀಟರ್ ಹಿಡಿದ್ರೆ, 25ಕ್ಕೆ ಒಂಬತ್ತು-ಹತ್ತು ಲೀಟರ್.

ಆದ್ರೆ ಎದುರುಗಾಳಿ ಇದ್ದಾಗ, ಬಲೆ-ಮೀನು ತುಂಬಿ ದೋಣಿ ಭಾರ ಆದಾಗ, ತೀರದ ಹತ್ತಿರ ಅಲೆ ಒಡೆಯೋ ಜಾಗ ದಾಟುವಾಗ 25 ಇದ್ದವನೇ ರಾಜ. ಅಣ್ಣನ ವಾದ ಇದೇ. ಅದು ಸುಳ್ಳಲ್ಲ.

ಅಪ್ಪಯ್ಯನ ವಾದ ಒಂದೇ ಸಾಲು: "ಇಂಜಿನ್ ಓಡೂದ್ ಸಮುದ್ರದಗೆ ಮಗಾ, ಹೊತ್ಕಂಡ್ ಹೋಪ್ದ್ ನಾವ್."

ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ನಮ್ಮಲ್ಲಿ ದೋಣಿ ಮರಳಿನ ಮೇಲೆ ಇರುತ್ತೆ, ಇಂಜಿನ್ ಪ್ರತಿದಿನ ಬಿಚ್ಚಿ ಮನೆಗೆ ತರ್ತೀವಿ. ಸಿಹಿನೀರಲ್ಲಿ ತೊಳೀದಿದ್ರೆ ಉಪ್ಪು ತಿಂದುಹಾಕುತ್ತೆ. 9.9ರದ್ದು 40 ಕಿಲೋ ಆಸುಪಾಸು, 25ರದ್ದು 50 ದಾಟುತ್ತೆ. ಹತ್ತು-ಹನ್ನೆರಡು ಕಿಲೋ ಏನ್ ಮಹಾ ಅನ್ನಬೇಡಿ. ಒದ್ದೆ ಮರಳಲ್ಲಿ ಕಾಲು ಹೂತುಹೋಗುತ್ತೆ. ಎರಡು ವರ್ಷದ ಹಿಂದೆ ಅಪ್ಪಯ್ಯ ಅಲ್ಲೇ ಜಾರಿ ಬಿದ್ದು ಒಂದು ತಿಂಗಳು ಚಾಪೆ ಬಿಟ್ಟು ಎದ್ದಿರಲಿಲ್ಲ. ನಾನು ಬೆಂಗಳೂರಲ್ಲಿದ್ದೆ, ಪರೀಕ್ಷೆ ಅಂತ ನಂಗೆ ಹೇಳೇ ಇರಲಿಲ್ಲ.

ಇನ್ನೊಂದು ವಿಷಯ, ಇದು ಊರಿನವರಿಗೆಲ್ಲ ಗೊತ್ತು, ನಿಮಗೆ ಗೊತ್ತಿರಲಿಕ್ಕಿಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡೋ ಕಾಲ. 10 ಎಚ್‌ಪಿ ತನಕದ ಇಂಜಿನ್ ಇರೋ ನಾಡದೋಣಿಗೆ ಮಾತ್ರ ವಿನಾಯ್ತಿ. ಅಂದ್ರೆ 9.9 ಇದ್ರೆ ಮಳೆಗಾಲದಲ್ಲೂ ದುಡಿಮೆ, 25 ಇದ್ರೆ ಎರಡು ತಿಂಗಳು ಮನೇಲಿ. ನನ್ನ ಹಾಸ್ಟೆಲ್ ಫೀಸ್ ಕಟ್ಟೋ ತಿಂಗಳೂ ಜುಲೈ.

ಇಲ್ಲಿಗೆ ಉತ್ತರ ಸಿಕ್ತು ಅನಿಸುತ್ತೆ ಅಲ್ವಾ? ನಂಗೂ ಅನಿಸಿತ್ತು. ಅಮ್ಮ ಫೋನ್ ತಗೊಂಡು ಕೇಳಿದ್ಳು: "ಮಳ್ಗಾಲದಗೆ ಆ ಸಣ್ಣ ಇಂಜಿನ್ ಕಟ್ಕಂಡ್ ಹೋರೆ, ಗಾಳಿ ಎದ್ರೆ ಎಂತ ಮಾಡೂದ್?"

ಯಾರೂ ಮಾತಾಡಲಿಲ್ಲ. ಸಮುದ್ರ ಅತಿ ಒರಟಾಗಿರೋ ತಿಂಗಳಲ್ಲೇ ಹೋಗೋಕೆ ಬಿಡೋ ಇಂಜಿನ್ ಅದು. ಬೇಗ ವಾಪಸ್ ತರೋ ಶಕ್ತಿ ಅದಕ್ಕೆ ಕಮ್ಮಿ. ಫೀಸ್ ಲೆಕ್ಕ ಹಾಕಿದವನು ನಾನು, ಈ ಲೆಕ್ಕ ಹಾಕಿದ್ದು ಅವಳು.

ಕೊನೆಗೆ 9.9 ತಗೊಂಡ್ವಿ, ಮೂರು ಷರತ್ತು ಹಾಕಿ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟ ದಿನ ದೋಣಿ ನೀರಿಗೆ ಇಳಿಯಂಗಿಲ್ಲ. ತೀರ ಕಣ್ಣಿಗೆ ಕಾಣೋವಷ್ಟು ದೂರ ಮಾತ್ರ. ಬೆಲೆಯಲ್ಲಿ ಉಳಿದ ದುಡ್ಡಲ್ಲಿ ಲೈಫ್ ಜಾಕೆಟ್.

ಖುಷಿಯ ಕಥೆ ಮಾತ್ರ ಹೇಳಲ್ಲ. ಆ ಎರಡು ತಿಂಗಳಲ್ಲಿ ಎಷ್ಟೋ ದಿನ ದೋಣಿ ಮರಳ ಮೇಲೇ ಇತ್ತು. ಆಗಸ್ಟ್‌ನಲ್ಲಿ 25 ಇದ್ದವರು ದೂರ ಹೋಗಿ ಬುಟ್ಟಿಗಟ್ಟಲೆ ಬಂಗುಡೆ ತಂದಾಗ ಅಣ್ಣ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಫೀಸ್ ಅರ್ಧ ಮಾತ್ರ ಆಯ್ತು. ಉಳಿದದ್ದಕ್ಕೆ ಇಲ್ಲೇ ಐಟಿಪಿಎಲ್ ಹಿಂದೆ ಸಂಜೆ ಎರಡು ಮಕ್ಕಳಿಗೆ ಟ್ಯೂಷನ್ ಹೇಳ್ತಿದ್ದೀನಿ.

ಕೊನೇ ಫೋಟೋ ನಮ್ಮನೆ ಅಂಗಳ. ಬಟ್ಟೆ ಹಗ್ಗದ ಮೇಲೆ ಒಣಗ್ತಿರೋ ಎರಡು ಕಿತ್ತಳೆ ಬಣ್ಣದ ಜಾಕೆಟ್. ಅಮ್ಮ ತೆಗೆದು ಕಳಿಸಿದ್ದು. ಅವು ಹಗ್ಗದ ಮೇಲಿದ್ರೆ ಇಬ್ಬರೂ ಮನೇಲಿದ್ದಾರೆ ಅಂತ ಅರ್ಥ. ಈಗ ದಿನಾ ಸಂಜೆ ಈ ಫೋಟೋ ಬರುತ್ತೆ, ಮೆಸೇಜ್ ಏನೂ ಇರಲ್ಲ.

ನೀವಾಗಿದ್ರೆ ಯಾವ್ದು ತಗೋತಿದ್ರಿ? ಕಾಮೆಂಟ್‌ನಲ್ಲಿ ಹೇಳಿ, ಅಣ್ಣನಿಗೆ ತೋರಿಸ್ತೀನಿ. ಭಾಗ 7 ಮುಂದಿನ ಭಾನುವಾರ.

#ಊರುಬೆಂಗಳೂರು #ಮರವಂತೆ #ನಾಡದೋಣಿ #ಪಟ್ಟಂದೂರುಅಗ್ರಹಾರ